ಕೊಲೆಸ್ಟರಾಲ್: ಕೋಶದ ಪೊರೆಗೆ ಬೇಕು, ರಕ್ತನಾಳದ ಗೋಡೆಗೆ ಬೇಡ

ರಕ್ತಪರೀಕ್ಷೆಯ ವರದಿ ಹಿಡಿದು ಬರುವವರು ಅದನ್ನು ಮೇಜಿನ ಮೇಲಿಡುವ ಮೊದಲೇ ಕೇಳುವ ಪ್ರಶ್ನೆಗಳು ಎರಡು. "ಡಾಕ್ಟ್ರೇ, ಇನ್ನು ತೆಂಗಿನೆಣ್ಣೆ ಬಿಡಬೇಕಾ?" "ಮೀನು ತಿನ್ನಬಹುದಾ?" ಬಂಟ್ವಾಳದವರಿರಲಿ, ಬೆಳ್ತಂಗಡಿಯವರಿರಲಿ, ಮೂಡುಬಿದಿರೆಯವರಿರಲಿ, ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ತೆಂಗಿನಕಾಯಿ ಅರೆಯದೆ ಪದಾರ್ಥವೇ ಆಗದ ಊರು ನಮ್ಮದು. ಹೀಗಾಗಿ ಈ ಪ್ರಶ್ನೆಗಳ ಹಿಂದಿನ ಆತಂಕವೂ ಅರ್ಥವಾಗುವಂಥದ್ದೇ.

ಈಚೆಗೆ ಇವೆರಡರ ಜೊತೆಗೆ ಮೂರನೆಯ ಮಾತೊಂದು ಸೇರಿಕೊಂಡಿದೆ. "ಕೊಲೆಸ್ಟರಾಲ್ ದೇಹಕ್ಕೆ ಬೇಕೇ ಬೇಕಂತೆ. ಅದಿಲ್ಲದಿದ್ದರೆ ಮಿದುಳು ಕೆಲಸ ಮಾಡುವುದಿಲ್ಲವಂತೆ. ಮತ್ತೆ ಮಾತ್ರೆ ಯಾಕೆ?" ಮೊಬೈಲಿನಲ್ಲಿ ಬಂದ ಸಂದೇಶವನ್ನು ಓದಿ ಕೇಳುವವರು ಇವರು. ಮೊದಲಿನವರಿಗೆ ಕೊಲೆಸ್ಟರಾಲ್ ವಿಷ, ಇವರಿಗೆ ಅದು ಅಮೃತ. ನಿಜ ಹೇಳಬೇಕೆಂದರೆ ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಉಂಟು. ಉಳಿದರ್ಧ ತಿಳಿಯಬೇಕಾದರೆ ನಾವು ರಕ್ತದ ವರದಿಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ನಮ್ಮ ಜೀವಕೋಶದ ಹೊರಗೋಡೆಯನ್ನು ನೋಡಿ ಬರಬೇಕು.

ಕಲ್ಲಿನಿಂದ ಬಂದ ಹೆಸರು

ಕೊಲೆಸ್ಟರಾಲ್ ಮೊದಲು ಮನುಷ್ಯನ ಕಣ್ಣಿಗೆ ಬಿದ್ದದ್ದು ಹೃದಯದಲ್ಲಲ್ಲ, ಪಿತ್ತಕೋಶದ ಕಲ್ಲುಗಳಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಪಿತ್ತದ ಕಲ್ಲುಗಳಿಂದ ಮೇಣದಂಥ ವಸ್ತುವೊಂದನ್ನು ಬೇರ್ಪಡಿಸಿದರು. 1815ರ ಸುಮಾರಿಗೆ ಅಲ್ಲಿಯದೇ ರಸಾಯನ ವಿಜ್ಞಾನಿ ಶೆವ್ರ್ಯೂಲ್ ಅದಕ್ಕೆ 'ಕೊಲೆಸ್ಟರೀನ್' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ 'ಕೋಲೆ' ಎಂದರೆ ಪಿತ್ತ, 'ಸ್ಟೀರಿಯೋಸ್' ಎಂದರೆ ಗಟ್ಟಿ. ಗಟ್ಟಿಯಾದ ಪಿತ್ತ ಎಂಬ ಈ ಹೆಸರೇ ಮುಂದೆ ಕೊಲೆಸ್ಟರಾಲ್ ಆಯಿತು.

ಕಲ್ಲಿನಲ್ಲಿ ಸಿಕ್ಕಿತೆಂದು ಅದು ಕಸವಲ್ಲ. ನಮ್ಮ ಯಕೃತ್ತು, ಅಂದರೆ ಲಿವರ್, ದಿನವೂ ಅದನ್ನು ತಯಾರಿಸುತ್ತದೆ. ಪಿತ್ತರಸ, ಕಾರ್ಟಿಸಾಲ್, ಗಂಡು ಹೆಣ್ಣಿನ ಹಾರ್ಮೋನುಗಳು, ಬಿಸಿಲಿನ ನೆರವಿನಿಂದ ಚರ್ಮದಲ್ಲಿ ಆಗುವ ಡಿ ಜೀವಸತ್ವ, ಇವೆಲ್ಲ ಒಂದೇ ಕುಟುಂಬದ ಮಕ್ಕಳು. ಆದರೆ ದೇಹದಲ್ಲಿರುವ ಕೊಲೆಸ್ಟರಾಲಿನ ಹೆಚ್ಚಿನ ಪಾಲು ಇರುವುದು ಜೀವಕೋಶಗಳ ಪೊರೆಗಳಲ್ಲಿ.

ಪೊರೆ ಎಂದರೆ ಹರಿಯುವ ಗೋಡೆ

ಪ್ರತಿ ಜೀವಕೋಶಕ್ಕೂ ಒಂದು ಪೊರೆ ಉಂಟು. ಅದರ ದಪ್ಪ ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ಇಷ್ಟು ತೆಳ್ಳಗಿನ ಪೊರೆಯೇ ಒಳಗಿನದನ್ನು ಒಳಗೆ, ಹೊರಗಿನದನ್ನು ಹೊರಗೆ ಇಡುತ್ತದೆ. ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ ಒಳಗೆ ಬಿಡುವ ಬಾಗಿಲುಗಳು, ಇನ್ಸುಲಿನ್ ಬಂದು ತಟ್ಟುವ ಗಂಟೆಗಳು ಎಲ್ಲ ಇರುವುದು ಈ ಪೊರೆಯಲ್ಲೇ.

1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಈ ಪೊರೆ ಸಿಮೆಂಟಿನ ಗೋಡೆಯಂತೆ ಗಟ್ಟಿಯಲ್ಲ, ಎಣ್ಣೆಯಂತೆ ಹರಿಯುವ ಗುಣದ್ದು ಎಂಬ ಚಿತ್ರವನ್ನು ವಿಜ್ಞಾನದ ಮುಂದಿಟ್ಟರು. ಪೊರೆಯಲ್ಲಿ ಕೊಬ್ಬಿನ ಕಣಗಳ ಎರಡು ಸಾಲು. ಪ್ರತಿ ಕಣಕ್ಕೆ ನೀರಿನತ್ತ ಮುಖ ಮಾಡಿದ ಒಂದು ತಲೆ, ಒಳಕ್ಕೆ ಚಾಚಿದ ಎರಡು ಕಾಲು. ಈ ಕಾಲುಗಳೇ ಕೊಬ್ಬಿನಾಮ್ಲಗಳು. ಬಾಗಿಲುಗಳೂ ಗಂಟೆಗಳೂ ಈ ಕೊಬ್ಬಿನ ಕೆರೆಯಲ್ಲಿ ತೇಲಿಕೊಂಡು ಕೆಲಸ ಮಾಡುತ್ತವೆ. ಕೆರೆ ಹೆಪ್ಪುಗಟ್ಟಿದರೆ ಬಾಗಿಲು ತೆರೆಯದು. ತೀರಾ ನೀರಾದರೆ ಪೊರೆ ಸೋರುತ್ತದೆ. ಎರಡರ ನಡುವಿನ ಹದ ಬೇಕು.

ಅಡಿಕೆ ಮರದ ಸೀಳು, ಗೇರುಮರದ ಕೊಂಬೆ

ಕೊಬ್ಬಿನಾಮ್ಲಗಳಲ್ಲಿ ಎರಡು ಜಾತಿ. ಸಂತೃಪ್ತ, ಅಂದರೆ ಸ್ಯಾಚುರೇಟೆಡ್. ಮತ್ತು ಅಸಂತೃಪ್ತ, ಅಂದರೆ ಅನ್‌ಸ್ಯಾಚುರೇಟೆಡ್. ಹೆಸರು ಕೇಳಿ ಹೆದರಬೇಡಿ. ನಿಮ್ಮ ಸೌದೆ ಕೊಟ್ಟಿಗೆಯನ್ನು ನೆನಪಿಸಿಕೊಂಡರೆ ಸಾಕು.

ಅಡಿಕೆ ಮರವನ್ನು ಸೀಳಿದ ಸೀಳುಗಳು ನೇರ. ಒಂದರ ಪಕ್ಕ ಒಂದು ಒತ್ತಿ ಜೋಡಿಸಿದರೆ ನಡುವೆ ಬೆರಳು ತೂರಿಸಲೂ ಜಾಗವಿರದು. ಸಂತೃಪ್ತ ಕೊಬ್ಬಿನಾಮ್ಲಗಳು ಹೀಗೆ. ನೇರವಾಗಿರುವುದರಿಂದ ಒತ್ತಾಗಿ ಕೂರುತ್ತವೆ, ಬೇಗ ಗಟ್ಟಿಯಾಗುತ್ತವೆ. ಗೇರುಮರದ ಕೊಂಬೆಗಳೋ ಸೊಟ್ಟ. ಎಷ್ಟು ಒತ್ತಿ ಜೋಡಿಸಿದರೂ ನಡುವೆ ಸಂದು ಉಳಿಯುತ್ತದೆ. ಅಸಂತೃಪ್ತ ಕೊಬ್ಬಿನಾಮ್ಲದಲ್ಲಿ ಜೋಡಿಬಂಧ ಇರುವ ಕಡೆಯಲ್ಲೆಲ್ಲ ಇಂಥ ಒಂದು ತಿರುವು. ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆಯಲ್ಲಿರುವ ಒಲೀಕ್ ಆಮ್ಲಕ್ಕೆ ಒಂದು ತಿರುವು; ಸೂರ್ಯಕಾಂತಿ ಎಣ್ಣೆಯ ಲಿನೋಲೀಕ್ ಆಮ್ಲಕ್ಕೆ ಎರಡು; ಬೂತಾಯಿ, ಬಂಗುಡೆ ಮೀನಿನಲ್ಲಿರುವ ಡಿಎಚ್‌ಎ ಎಂಬ ಒಮೆಗಾ-3 ಆಮ್ಲಕ್ಕೆ ಆರು!

ಈ ಎರಡು ಜಾತಿಯ ನಡುವೆ ಕೂರುವುದು ಕೊಲೆಸ್ಟರಾಲ್. ಅದು ಚಿಕ್ಕ, ಚಪ್ಪಟೆ, ಬಾಗದ ಹಲಗೆಯ ತುಂಡಿನಂಥದ್ದು. ಅದರ ಗುಣವೇ ವಿಚಿತ್ರ. ನೇರ ಸೀಳುಗಳ ನಡುವೆ ಹೊಕ್ಕರೆ ಅವು ತೀರಾ ಒತ್ತಿ ಹೆಪ್ಪುಗಟ್ಟದಂತೆ ತಡೆಯುತ್ತದೆ. ಸೊಟ್ಟ ಕೊಂಬೆಗಳ ನಡುವಿನ ಸಂದಿಗೆ ಹೊಕ್ಕರೆ ಅವು ಅತಿಯಾಗಿ ಅಲ್ಲಾಡದಂತೆ ಹಿಡಿದಿಡುತ್ತದೆ, ಸೋರಿಕೆ ತಡೆಯುತ್ತದೆ. ಗಟ್ಟಿಯನ್ನು ಸಡಿಲಿಸುವುದು, ಸಡಿಲವನ್ನು ಬಿಗಿಗೊಳಿಸುವುದು, ಎರಡೂ ಅದರದೇ ಕೆಲಸ. ನಮ್ಮ ಕೆಂಪು ರಕ್ತಕಣದ ಪೊರೆಯಲ್ಲಿ ಪೊರೆಕೊಬ್ಬಿನ ಕಣಗಳು ಎಷ್ಟಿವೆಯೋ ಹೆಚ್ಚುಕಡಿಮೆ ಅಷ್ಟೇ ಕೊಲೆಸ್ಟರಾಲ್ ಕಣಗಳೂ ಇವೆ.

ಆದರೆ ಕೊಲೆಸ್ಟರಾಲಿಗೆ ಎಲ್ಲರ ಸಂಗವೂ ಒಂದೇ ಅಲ್ಲ. ತಾನು ಚಪ್ಪಟೆಯಾದ್ದರಿಂದ ನೇರ ಕಾಲಿನ ಸಂತೃಪ್ತ ಕೊಬ್ಬಿನ ಜೊತೆ ಅದು ಚೆನ್ನಾಗಿ ಹೊಂದಿಕೊಳ್ಳುತ್ತದೆ. ಆರು ತಿರುವಿನ ಡಿಎಚ್‌ಎ ಸದಾ ಮೈ ತಿರುಚುತ್ತಲೇ ಇರುವಂಥದ್ದು. ಅದರ ಪಕ್ಕದಲ್ಲಿ ಕೂರಲು ಕೊಲೆಸ್ಟರಾಲಿಗೆ ಹಿತವಿಲ್ಲ. ಹೀಗೆ ಒಂದೇ ಪೊರೆಯಲ್ಲಿ ಎರಡು ಬಗೆಯ ಪ್ರದೇಶಗಳಾಗುತ್ತವೆ. ಕೊಲೆಸ್ಟರಾಲ್ ಮತ್ತು ಸಂತೃಪ್ತ ಕೊಬ್ಬು ಸೇರಿದ ಬಿಗಿಯಾದ ತುಣುಕುಗಳನ್ನು 1997ರಲ್ಲಿ ಸೈಮನ್ಸ್ ಮತ್ತು ಇಕೊನೆನ್ ಎಂಬ ವಿಜ್ಞಾನಿಗಳು 'ರಾಫ್ಟ್', ಅಂದರೆ ತೆಪ್ಪ, ಎಂದು ಕರೆದರು. ನೇತ್ರಾವತಿಯ ನೀರಿನಲ್ಲಿ ತೆಪ್ಪ ತೇಲಿದಂತೆ ಇವು ಪೊರೆಯಲ್ಲಿ ತೇಲುತ್ತವೆ, ಕೆಲವು ಪ್ರೋಟೀನುಗಳನ್ನು ತಮ್ಮ ಮೇಲೆ ಹೊರುತ್ತವೆ ಎಂಬುದು ಅವರ ಕಲ್ಪನೆ. ಈ ತೆಪ್ಪಗಳ ಗಾತ್ರ, ಆಯುಸ್ಸಿನ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದೇ ಇದೆ.

ಇದರಿಂದ ನಮಗೇನು ಎನ್ನುತ್ತೀರಾ? ಕಣ್ಣನ್ನೇ ನೋಡಿ. ಮಬ್ಬು ಬೆಳಕಿನಲ್ಲಿ ನೋಡಲು ನೆರವಾಗುವ ಅಕ್ಷಿಪಟಲದ ಕೋಶಗಳ ಪೊರೆಯಲ್ಲಿ ಡಿಎಚ್‌ಎ ತುಂಬಿಕೊಂಡಿದೆ. ಬೆಳಕು ಬಿದ್ದೊಡನೆ ಅಲ್ಲಿಯ ರೊಡಾಪ್ಸಿನ್ ಎಂಬ ಪ್ರೋಟೀನು ಕ್ಷಣಾರ್ಧದಲ್ಲಿ ಆಕಾರ ಬದಲಿಸಬೇಕು. ಅದಕ್ಕೆ ಮೆತ್ತಗಿನ ಜಾಗ ಬೇಕು. ಡಿಎಚ್‌ಎ ಆ ಜಾಗ ಮಾಡಿಕೊಡುತ್ತದೆ. ಕೊಲೆಸ್ಟರಾಲ್ ಹೆಚ್ಚಾದರೆ ಆ ಚುರುಕು ಕುಗ್ಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ರಾತ್ರಿ ಹೊತ್ತು ಚಾರ್ಮಾಡಿ ಘಾಟಿಯ ತಿರುವಿನಲ್ಲಿ ನಿಮಗೆ ದಾರಿ ಕಾಣುವುದರ ಹಿಂದೆ ಇಷ್ಟೆಲ್ಲ ವ್ಯವಸ್ಥೆ ಉಂಟು.

ಹೆಚ್ಚಾದರೆ, ಕಡಿಮೆಯಾದರೆ

ಹದ ತಪ್ಪಿದರೆ ಏನಾಗುತ್ತದೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಎರಡು ಉದಾಹರಣೆಗಳಿವೆ. ವರ್ಷಗಟ್ಟಲೆ ಕುಡಿದು ಯಕೃತ್ತು ತೀರಾ ಕೆಟ್ಟವರಲ್ಲಿ ಕೆಲವರ ಕೆಂಪು ರಕ್ತಕಣಗಳ ಪೊರೆಗೆ ಮಿತಿಮೀರಿ ಕೊಲೆಸ್ಟರಾಲ್ ಸೇರಿಕೊಳ್ಳುತ್ತದೆ. ಕಣ ಬಿಗಿಯಾಗುತ್ತದೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೈತುಂಬ ಮುಳ್ಳು ಎದ್ದಂತೆ ಕಾಣುತ್ತದೆ. ಗುಲ್ಮದ, ಅಂದರೆ ಸ್ಪ್ಲೀನಿನ, ಇಕ್ಕಟ್ಟಾದ ಸಂದಿಯಲ್ಲಿ ಬಾಗಿ ನುಸುಳಲಾಗದೆ ಅಲ್ಲೇ ನಾಶವಾಗುತ್ತದೆ. ರೋಗಿಗೆ ತೀವ್ರ ರಕ್ತಹೀನತೆ ಬರುತ್ತದೆ.

ಇನ್ನೊಂದು ಕಡೆ, ಬಲು ಅಪರೂಪಕ್ಕೆ, ಕೊಲೆಸ್ಟರಾಲ್ ತಯಾರಿಸುವ ಶಕ್ತಿಯೇ ಕುಂಠಿತವಾಗಿ ಹುಟ್ಟುವ ಮಕ್ಕಳಿದ್ದಾರೆ. ಅಂಥ ಮಕ್ಕಳಲ್ಲಿ ಅಂಗಾಂಗಗಳ ಮತ್ತು ಬುದ್ಧಿಯ ಬೆಳವಣಿಗೆ ಕುಂದುತ್ತದೆ. ಆದ್ದರಿಂದ ಕೊಲೆಸ್ಟರಾಲ್ ದೇಹಕ್ಕೆ ಬೇಕು ಎಂಬ ಮೊಬೈಲ್ ಸಂದೇಶದ ಮೊದಲ ಸಾಲು ಸುಳ್ಳಲ್ಲ. ಅಲ್ಲಿಂದ ಮುಂದಿನ ತೀರ್ಮಾನ ಮಾತ್ರ ತಪ್ಪು.

ರಕ್ತದಲ್ಲಿ ಎಷ್ಟು ಬೇಕು?

ಬೆಳ್ತಂಗಡಿ ತಾಲೂಕಿನ ಕೃಷಿಕರೊಬ್ಬರು, ಐವತ್ತರ ಆಸುಪಾಸಿನವರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಎರಡು ವರ್ಷವಾಗಿತ್ತು. ಆರೋಗ್ಯವಾಗಿದ್ದರು, ತೋಟದ ಕೆಲಸವನ್ನೂ ಮಾಡುತ್ತಿದ್ದರು. ಮಾತ್ರೆಯಿಂದ ಮಿದುಳಿನ ಕೊಲೆಸ್ಟರಾಲ್ ಒಣಗಿಹೋಗಿ ಮರೆವು ಬರುತ್ತದೆಂದು ಯಾರೋ ಕಳಿಸಿದ ಸಂದೇಶ ನಂಬಿ, ಮನೆಯವರಿಗೂ ಹೇಳದೆ, ಎಲ್ಲ ಮಾತ್ರೆಗಳನ್ನೂ ನಿಲ್ಲಿಸಿಬಿಟ್ಟರು. ಕೆಲವು ತಿಂಗಳ ಬಳಿಕ ಒಂದು ಬೆಳಿಗ್ಗೆ ಎದೆ ಹಿಂಡಿದಂತಾಗಿ, ಬೆವರಿ ನೀರಾಗಿ ನನ್ನಲ್ಲಿಗೆ ಬಂದರು. ಇಸಿಜಿಯಲ್ಲಿ ಹೃದಯಾಘಾತ ಸ್ಪಷ್ಟವಿತ್ತು. ಕೂಡಲೇ ಮಂಗಳೂರಿಗೆ ಕಳುಹಿಸಿದೆವು. ಜೀವ ಉಳಿಯಿತು, ಆದರೆ ಹೃದಯದ ಒಂದು ಭಾಗದ ಶಕ್ತಿ ಹೋಯಿತು. ಈಗ ಮನೆಯ ಮೆಟ್ಟಿಲು ಹತ್ತಿದರೂ ಏದುಸಿರು. ತೋಟವನ್ನು ನೋಡಿಕೊಳ್ಳುವುದು ಅವರ ಮಗ.

ಅವರಿಗೆ ಬಂದ ಸಂದೇಶದಲ್ಲಿ ಎಲ್ಲಿ ತಪ್ಪಿತ್ತು? ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು. ಆದರೆ ದೇಹದ ಕೊಲೆಸ್ಟರಾಲಿನಲ್ಲಿ ಹತ್ತಿರಹತ್ತಿರ ನಾಲ್ಕನೇ ಒಂದು ಪಾಲು ಅಲ್ಲಿದೆ. ಇಷ್ಟು ನಿಜ. ಆದರೆ ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕೊಲೆಸ್ಟರಾಲ್ ಮಿದುಳಿನ ತಡೆಗೋಡೆಯನ್ನು ದಾಟಿ ಒಳಗೆ ಹೋಗುವುದಿಲ್ಲ. ಮಿದುಳು ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿ ಎಲ್‌ಡಿಎಲ್ ಏರಿದರೆ ಮಿದುಳಿಗೆ ಲಾಭವಿಲ್ಲ. ರಕ್ತನಾಳದ ಗೋಡೆಯೊಳಗೆ ಅದು ನುಸುಳಿ ಸೇರಿಕೊಳ್ಳುತ್ತದೆ, ಅಷ್ಟೆ.

ಇನ್ನೊಂದು ವಿಷಯ. ಆಗತಾನೇ ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲಿ ಎಲ್‌ಡಿಎಲ್ ಪ್ರಮಾಣ ಸುಮಾರು 30 ಮಿಲಿಗ್ರಾಂ ಮಾತ್ರ. ಮಿದುಳು ಅತಿ ವೇಗವಾಗಿ ಬೆಳೆಯುವ ಕಾಲವೇ ಅದು. ಅಷ್ಟರಲ್ಲೇ ಕೆಲಸ ನಡೆಯುತ್ತದೆ. ಹಾಗಿರುವಾಗ ಸ್ಟೆಂಟ್ ಹಾಕಿಸಿಕೊಂಡವರ ಎಲ್‌ಡಿಎಲ್ 70ಕ್ಕಿಂತ ಅಥವಾ ಇನ್ನೂ ಕೆಳಗೆ ಬರಲಿ ಎಂದು ವೈದ್ಯರು ಹೇಳಿದರೆ ಮಿದುಳು ಉಪವಾಸ ಬೀಳುತ್ತದೆಂದು ಹೆದರಬೇಕಾಗಿಲ್ಲ.

ಕೋಶಗಳು ರಕ್ತದಿಂದ ಎಲ್‌ಡಿಎಲ್ ಹಿಡಿದುಕೊಳ್ಳುವ ಕೊಕ್ಕೆಗಳನ್ನು ಕಂಡುಹಿಡಿದು ವಿವರಿಸಿದವರು ಬ್ರೌನ್ ಮತ್ತು ಗೋಲ್ಡ್‌ಸ್ಟೀನ್. 1985ರಲ್ಲಿ ಅವರಿಗೆ ನೊಬೆಲ್ ಬಂತು. ಯಕೃತ್ತಿನ ಕೋಶಕ್ಕೆ ತನ್ನ ಪೊರೆಯಲ್ಲಿ ಕೊಲೆಸ್ಟರಾಲ್ ಸಾಕಷ್ಟಿದೆ ಎನಿಸಿದರೆ ಕೊಕ್ಕೆಗಳನ್ನು ಕಡಿಮೆ ಮಾಡುತ್ತದೆ. ಕಡಿಮೆಯಿದೆ ಎನಿಸಿದರೆ ಹೆಚ್ಚಿಸುತ್ತದೆ. ಊಟದಲ್ಲಿ ಸಂತೃಪ್ತ ಕೊಬ್ಬು ಜಾಸ್ತಿಯಾದರೆ ಕೊಕ್ಕೆಗಳು ಕಡಿಮೆಯಾಗಿ ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಅದರ ಜಾಗದಲ್ಲಿ ಅಸಂತೃಪ್ತ ಕೊಬ್ಬು ಬಂದರೆ ಎಲ್‌ಡಿಎಲ್ ಇಳಿಯುತ್ತದೆ. ಸ್ಟ್ಯಾಟಿನ್ ಮಾತ್ರೆ ಮಾಡುವುದೂ ಇದನ್ನೇ: ಯಕೃತ್ತಿನೊಳಗಿನ ತಯಾರಿಯನ್ನು ತಗ್ಗಿಸಿ ಕೊಕ್ಕೆಗಳನ್ನು ಹೆಚ್ಚಿಸುತ್ತದೆ. ಅಂದಹಾಗೆ, ಮೊತ್ತಮೊದಲ ಸ್ಟ್ಯಾಟಿನ್ ಅನ್ನು ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಪಡೆದದ್ದು ಅಕ್ಕಿಯಲ್ಲಿ ಸಿಕ್ಕ ಒಂದು ಬೂಷ್ಟಿನಿಂದ!

ಡಿಸೆಂಬರಿನ ಎಣ್ಣೆ ಬಾಟಲಿ

ಈಗ ತೆಂಗಿನೆಣ್ಣೆಯ ವಿಚಾರ. ಡಿಸೆಂಬರ್, ಜನವರಿಯ ಬೆಳಿಗ್ಗೆ ಘಟ್ಟದ ಬುಡದ ಊರುಗಳಲ್ಲಿ ಬಾಟಲಿಯ ತೆಂಗಿನೆಣ್ಣೆ ಬೆಳ್ಳಗೆ ಗಟ್ಟಿಯಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಕಾರಣ, ಅದರ ಕೊಬ್ಬಿನಲ್ಲಿ ನೂರಕ್ಕೆ ಸುಮಾರು 90 ಪಾಲು ಸಂತೃಪ್ತ. ಅಂದರೆ ಎಲ್ಲ ಅಡಿಕೆ ಸೀಳುಗಳೇ. ಪಕ್ಕದಲ್ಲಿಟ್ಟ ಸೂರ್ಯಕಾಂತಿ ಎಣ್ಣೆ ತಿಳಿಯಾಗಿಯೇ ಇರುತ್ತದೆ.

"ಬಾಟಲಿಯಲ್ಲಿ ಗಟ್ಟಿಯಾದ ಎಣ್ಣೆ ನರದಲ್ಲೂ ಗಟ್ಟಿಯಾಗುವುದಿಲ್ಲವಾ?" ಎಂದು ಕೇಳುವವರಿದ್ದಾರೆ. ಇಲ್ಲ. ನಮ್ಮ ಮೈಯ ಬಿಸಿ 37 ಡಿಗ್ರಿ. ಅಲ್ಲದೆ ತಿಂದ ಎಣ್ಣೆ ಹಾಗೆಯೇ ರಕ್ತನಾಳಕ್ಕೆ ಹೋಗಿ ಅಂಟುವುದೂ ಇಲ್ಲ. ತೆಂಗಿನೆಣ್ಣೆಯಲ್ಲಿ ಕೊಲೆಸ್ಟರಾಲೂ ಇಲ್ಲ. ಯಾವ ಗಿಡದ ಎಣ್ಣೆಯಲ್ಲೂ ಲೆಕ್ಕಕ್ಕೆ ಹಿಡಿಯುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ. ಆದ್ದರಿಂದ ಎಣ್ಣೆಯ ಪೊಟ್ಟಣದ ಮೇಲೆ 'ಕೊಲೆಸ್ಟರಾಲ್ ಇಲ್ಲ' ಎಂದು ಬರೆದದ್ದಕ್ಕೆ ಹೆಚ್ಚಿನ ಬೆಲೆ ಕೊಡಬೇಡಿ. ತೊಂದರೆ ಇರುವುದು ಯಕೃತ್ತಿನ ಕೊಕ್ಕೆಗಳ ಲೆಕ್ಕದಲ್ಲಿ. 2020ರಲ್ಲಿ 16 ಪ್ರಯೋಗಗಳನ್ನು ಒಟ್ಟುಸೇರಿಸಿ ನೋಡಿದಾಗ, ಸೂರ್ಯಕಾಂತಿ, ಸೋಯಾ ಮುಂತಾದ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ ಅನ್ನು ಸರಾಸರಿ 10 ಮಿಲಿಗ್ರಾಂನಷ್ಟು ಏರಿಸಿತ್ತು. ಒಳ್ಳೆಯದೆನ್ನುವ ಎಚ್‌ಡಿಎಲ್ ಕೂಡ 4ರಷ್ಟು ಏರಿತ್ತು; ಆದರೆ ಎಚ್‌ಡಿಎಲ್ ಏರಿಸಿದ ಮಾತ್ರಕ್ಕೆ ಹೃದಯಾಘಾತ ತಪ್ಪುತ್ತದೆಂದು ಸಾಬೀತಾಗಿಲ್ಲ. ಇನ್ನೊಂದು ಕಡೆ, ನೆರೆಯ ಕೇರಳದಲ್ಲಿ ಹೃದ್ರೋಗಿಗಳಿಗೆ ಎರಡು ವರ್ಷ ತೆಂಗಿನೆಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಕೊಟ್ಟು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರೆಲ್ಲ ಹೃದ್ರೋಗದ ಚಿಕಿತ್ಸೆಯಲ್ಲಿದ್ದವರು ಎಂಬುದನ್ನು ಮರೆಯಬಾರದು.

ಅಂದರೆ ತೆಂಗಿನೆಣ್ಣೆ ರಾಕ್ಷಸನೂ ಅಲ್ಲ, ಔಷಧವೂ ಅಲ್ಲ. ಒಗ್ಗರಣೆಗೆ ಒಂದು ಚಮಚ ಬೇರೆ, ಗೋಳಿಬಜೆ ಕರಿಯುವುದು ಬೇರೆ. ಕಾಯಿತುರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ: ತುರಿಯ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಕೊಬ್ಬೇ. ಬೆಳಿಗ್ಗೆ ನೀರುದೋಸೆಗೆ ಚಟ್ನಿ, ಮಧ್ಯಾಹ್ನ ಗಸಿ, ರಾತ್ರಿ ಪಲ್ಯದ ಮೇಲೆ ತುರಿ, ಇಷ್ಟರಲ್ಲೇ ದಿನದ ಪಾಲು ಮುಗಿದಿರುತ್ತದೆ.

ಅಡುಗೆಮನೆಯಲ್ಲಿ ಮಾಡಬಹುದಾದ್ದು

ಎಣ್ಣೆಯನ್ನು ಅಳೆದು ಬಳಸಿ. ಒಬ್ಬರಿಗೆ ದಿನಕ್ಕೆ 25 ಗ್ರಾಂ ಎಂದು ಹಿಡಿದರೆ ನಾಲ್ವರ ಮನೆಗೆ ತಿಂಗಳಿಗೆ 3 ಕಿಲೋ. ಹೃದ್ರೋಗ, ಬೊಜ್ಜು ಇದ್ದವರಿದ್ದರೆ ಇನ್ನೂ ಕಡಿಮೆ. ಒಂದೇ ಎಣ್ಣೆಗೆ ಅಂಟಿಕೊಳ್ಳಬೇಡಿ. ಸ್ವಲ್ಪ ತೆಂಗಿನೆಣ್ಣೆಯ ಜೊತೆಗೆ ಕಡಲೆಕಾಯಿ, ಎಳ್ಳು, ಸಾಸಿವೆ ಅಥವಾ ಸೂರ್ಯಕಾಂತಿ ಎಣ್ಣೆಯನ್ನು ಬದಲಿಸುತ್ತಿರಿ. ಎಲ್‌ಡಿಎಲ್ ಏರಿದವರು ತೆಂಗಿನೆಣ್ಣೆಯ ಪಾಲನ್ನು ಇಳಿಸಬೇಕು.

ಅಸಂತೃಪ್ತ ಎಣ್ಣೆಗೂ ಒಂದು ದೌರ್ಬಲ್ಯ ಉಂಟು. ತಿರುವು ಇರುವಲ್ಲಿಯೇ ಅದು ಗಾಳಿ, ಬಿಸಿಗೆ ಬೇಗ ಕೆಡುತ್ತದೆ. ಸೂರ್ಯಕಾಂತಿ ಎಣ್ಣೆಯಲ್ಲಿ ಒಮ್ಮೆ ಕರಿದು, ಉಳಿದದ್ದನ್ನು ಮತ್ತೆ ಮತ್ತೆ ಕಾಯಿಸುವುದು ಒಳ್ಳೆಯದಲ್ಲ. ಇನ್ನು ವನಸ್ಪತಿ. ಅಸಂತೃಪ್ತ ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೆಸರಿಗೆ ಅಸಂತೃಪ್ತ, ಆದರೆ ಆಕಾರದಲ್ಲಿ ನೇರ. ಗೇರುಕೊಂಬೆಯ ಹೆಸರಿನಲ್ಲಿ ಬಂದ ಅಡಿಕೆ ಸೀಳು ಅದು, ಸಂತೃಪ್ತ ಕೊಬ್ಬಿಗಿಂತಲೂ ಕೆಟ್ಟದ್ದು. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಅದರ ಪ್ರಮಾಣ ಶೇಕಡಾ 2ನ್ನು ಮೀರಬಾರದೆಂಬ ನಿಯಮವಿದೆ. ಆದರೆ ಬೇಕರಿ ತಿಂಡಿ ಮಿತಿಯಲ್ಲಿರಲಿ.

ಮೀನು ತಿನ್ನುವವರಿಗೆ ನಮ್ಮ ಕರಾವಳಿ ಉದಾರಿ. ದುಬಾರಿ ಅಂಜಲ್ ಬೇಕಿಲ್ಲ; ಬೂತಾಯಿ, ಬಂಗುಡೆಗಳಲ್ಲಿ ಒಮೆಗಾ-3 ಧಾರಾಳ. ಸಮುದ್ರದ ಸೂಕ್ಷ್ಮ ಪಾಚಿಗಳು ತಯಾರಿಸಿದ್ದು ಮೀನಿನ ಮೂಲಕ ನಮ್ಮ ಪೊರೆಗೆ ಬರುತ್ತದೆ. ವಾರಕ್ಕೆ ಎರಡು ದಿನ ಸಾಕು. ಪುಳಿಮುಂಚಿ ಮಾಡಿ, ತವಾ ತುಂಬ ಎಣ್ಣೆ ಹಾಕಿ ಹುರಿಯಬೇಡಿ. ಶಾಕಾಹಾರಿ ಮನೆಗಳಿಗೆ ಅಗಸೆಬೀಜ, ಅಕ್ರೋಟು, ಸಾಸಿವೆ ಎಣ್ಣೆ ಉಂಟು. ಇವುಗಳ ಒಮೆಗಾ-3 ದೇಹದಲ್ಲಿ ಡಿಎಚ್‌ಎ ಆಗುವುದು ಸ್ವಲ್ಪವೇ, ಆದರೂ ಬಳಸುವುದು ಒಳ್ಳೆಯದು. ಹುರಿದು ಪುಡಿಮಾಡಿದ ಒಂದು ಚಮಚ ಅಗಸೆಯನ್ನು ಮಜ್ಜಿಗೆಗೋ ಚಟ್ನಿಗೋ ಸೇರಿಸಬಹುದು.

"ಮೀನೆಣ್ಣೆಯ ಕ್ಯಾಪ್ಸೂಲ್ ನುಂಗಿದರೆ ಆಗದಾ?" ಎನ್ನುವವರಿಗೆ: ಸಾವಿರಾರು ಜನರ ಮೇಲೆ ನಡೆದು 2018ರಲ್ಲಿ ಫಲಿತಾಂಶ ಬಂದ ಎರಡು ದೊಡ್ಡ ಪ್ರಯೋಗಗಳಲ್ಲಿ ದಿನಕ್ಕೊಂದು ಕ್ಯಾಪ್ಸೂಲ್‌ನಿಂದ ಹೃದ್ರೋಗ, ಪಾರ್ಶ್ವವಾಯುಗಳ ಒಟ್ಟು ಪ್ರಮಾಣ ಗಮನಾರ್ಹವಾಗಿ ಇಳಿಯಲಿಲ್ಲ. ವೈದ್ಯರು ಹೇಳದೆ ಅದಕ್ಕೆ ದುಡ್ಡು ಸುರಿಯಬೇಡಿ.

ಊಟ ಬದಲಿಸಿದ ಮರುವಾರವೇ ಪವಾಡ ನಿರೀಕ್ಷಿಸಬೇಡಿ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ನೀವು ಇಂದು ತಿಂದ ಕೊಬ್ಬು ಅದರ ಪೊರೆಯಲ್ಲಿ ಪೂರ್ತಿ ನೆಲೆಯಾಗಲು ಮೂರು, ನಾಲ್ಕು ತಿಂಗಳು ಬೇಕು. ರಕ್ತದ ಎಲ್‌ಡಿಎಲ್ ಅದಕ್ಕಿಂತ ಬೇಗ ಬದಲಾಗುತ್ತದೆ. ಊಟ ಬದಲಿಸಿದ, ಇಲ್ಲವೇ ಮಾತ್ರೆ ಆರಂಭಿಸಿದ ಒಂದೆರಡು ತಿಂಗಳ ಬಳಿಕ ಮತ್ತೊಮ್ಮೆ ಪರೀಕ್ಷೆ ಮಾಡಿಸಿ ನೋಡಬಹುದು.

ಸ್ಟ್ಯಾಟಿನ್ ತೆಗೆದುಕೊಳ್ಳುವವರಿಗೆ ಕೊನೆಯ ಮಾತು. ಮೈಕೈ ನೋವು, ಸ್ನಾಯುಗಳಲ್ಲಿ ಸುಸ್ತು ಬಂದರೆ ಬಂದು ಹೇಳಿ. ಪ್ರಮಾಣ ತಗ್ಗಿಸಬಹುದು, ಬೇರೆ ಮಾತ್ರೆ ಕೊಡಬಹುದು. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಆದರೆ ಸ್ಟೆಂಟ್ ಹಾಕಿಸಿಕೊಂಡವರು, ಹೃದಯಾಘಾತ ಆದವರು, ಬೈಪಾಸ್ ಆದವರು ಯಾರದೋ ಮಾತು ಕೇಳಿ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ನಿಲ್ಲಿಸಿ ಆಗಿದ್ದರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಹಳೆಯ ಚೀಟಿ ಹುಡುಕಿಕೊಂಡು ಈ ವಾರದಲ್ಲೇ ನಿಮ್ಮ ವೈದ್ಯರನ್ನು ಕಾಣಿರಿ.